ಮುರುಕಣ್ಣನ ಬಿಳಿ ಕೋಟು

ಬಿಸ್ಕತ್ತು ಕಾರ್ಖಾನೆಯಲ್ಲಿ ಆ ಒಂದು ನಿಯಮ ಇಲ್ಲದಿದ್ದರೆ ಮುರುಕಣ್ಣ ಆವತ್ತು ಸಂಜೆ ಮುಂದಿನ ಸಾಲಿನಲ್ಲಿ ನೆಮ್ಮದಿಯಾಗಿ ಕೂತು, ತನ್ನ ಹೆಂಡತಿ ರಾಜ್ಯಭಾರ ಮಾಡುವುದನ್ನು ಕಣ್ತುಂಬ ನೋಡಿರುತ್ತಿದ್ದ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಒಲೆಯಿಂದ ಬೆಲ್ಟಿನ ಮೇಲೆ ಮೆರವಣಿಗೆ ಹೊರಟು ಬರುವ ಬಿಸ್ಕತ್ತುಗಳಲ್ಲಿ ಮುರಿದವನ್ನು ಹೆಕ್ಕಿ ಬುಟ್ಟಿಗೆ ಹಾಕುವುದೇ ಅವನ ಕೆಲಸವಾದ್ದರಿಂದ ಕಾರ್ಖಾನೆಗೂ ಬೀದಿಗೂ ಅವನು ಮುರುಕಣ್ಣನೇ. ಹಿಂದೆಲ್ಲ ಬೆಲ್ಟಿನ ಎರಡೂ ಬದಿಗೆ ಎಷ್ಟು ಜನ ನಿಲ್ಲುತ್ತಿದ್ದರೆಂದರೆ, ಒಬ್ಬರು ಸೀನಿದರೆ ಸಾಲು ಪೂರ್ತಿ ಅಲ್ಲಾಡುತ್ತಿತ್ತು. ಈಗ ಉಳಿದವರು ಮೂವರು. ಬಿಟ್ಟುಹೋದವರಲ್ಲಿ ಒಬ್ಬ ಪಾರ್ಸೆಲ್ ಹಂಚಲು ಹೋದ. ಒಬ್ಬಳು ದೊಡ್ಡ ಅಂಗಡಿಯ ಬಾಗಿಲಲ್ಲಿ ನಿಂತು ಹೋಗಿಬರುವವರಿಗೆ ಅತ್ತರು ಎರಚುವ ಕೆಲಸ ಹಿಡಿದಳು. ಇನ್ನೊಬ್ಬ ಎಲ್ಲಿಗೂ ಹೋಗಲಿಲ್ಲ. ಬೆಲ್ಟಿಗಿಂತ ಇದೇ ವಾಸಿ ಅಂತ ಮನೆಯಲ್ಲಿ ಸುಮ್ಮನೆ ಕೂತ. ಗೇಟಿಗೆ ತೂಗುಹಾಕಿದ್ದ 'ಕೆಲಸಗಾರರು ಬೇಕಾಗಿದ್ದಾರೆ' ಎಂಬ ಬೋರ್ಡಿನಲ್ಲಿ ಬಿಸಿಲಿಗೆ ಬಣ್ಣ ಹೋಗಿ ಈಗ 'ಬೇಕಾಗಿದ್ದಾರೆ' ಎಂಬುದಷ್ಟೇ ಉಳಿದಿತ್ತು.

ಉಳಿದ ಮೂವರೂ ಕಾಲಿಗೆ ಬುದ್ಧಿ ಹೇಳಬಾರದೆಂದು ಮ್ಯಾನೇಜರ್ ಒಂದು ನಿಯಮ ಕಂಡುಹಿಡಿದ. ಬೆಲ್ಟಿನ ಮುಂದೆ ಜಾಗಕ್ಕೊಂದು ಬಿಳಿ ಕೋಟು. ಕೋಟು ಬಿಚ್ಚುವವನು ಅದನ್ನು ಇನ್ನೊಬ್ಬನ ಮೈಗೆ ತೊಡಿಸಿಯೇ ಹೋಗಬೇಕು. ಕೋಟು ಯಾರ ಮೈಮೇಲೋ ಡ್ಯೂಟಿ ಅವರದ್ದು. ತೊಡಿಸಲು ಮೈ ಸಿಗದಿದ್ದರೆ ಮುಂದಿನ ಪಾಳಿಯೂ ನಿನ್ನದೇ. ಹೀಗೆ ಮುರುಕಣ್ಣ ಮನೆಗೆ ಹೋಗಿದ್ದಕ್ಕಿಂತ ಹೋಗದಿದ್ದದ್ದೇ ಹೆಚ್ಚು.

ಅವನ ಹೆಂಡತಿ ಬೀದಿಯವರೇ ಕಟ್ಟಿದ ನಾಟಕ ತಂಡದ ಜೀವಾಳ. ಮೂರು ನಾಟಕ ಆಡಿದ್ದಳು. ಗಂಡ ಒಂದನ್ನೂ ನೋಡಿರಲಿಲ್ಲ.

"ಹೋದ ಸಲ ನಾನು ಸತ್ತಿದ್ದನ್ನೂ ನೀವು ನೋಡಿಲ್ಲ ಕಣ್ರೀ," ಎಂದಳು ಬೆಳಿಗ್ಗೆ, ಮೀಸೆಗೆ ಅಂಟು ಹಚ್ಚಿ ನೋಡುತ್ತಾ. "ಎಷ್ಟು ಚೆನ್ನಾಗಿ ಸತ್ತಿದ್ದೆ ಗೊತ್ತಾ? ಇಡೀ ಬೀದಿ ಅತ್ತಿತ್ತು. ಇವತ್ತು ನಾನು ರಾಜ. ಮುಂದಿನ ಸಾಲಲ್ಲಿ ಮಧ್ಯದ ಕುರ್ಚಿ ನಿಮಗೆ ಅಂತ ಟವಲ್ ಹಾಕಿಸಿದೀನಿ. ಇವತ್ತೂ ಬರ್ಲಿಲ್ಲ ಅಂದ್ರೆ ನಾಟಕ ಮುಗಿದ ತಕ್ಷಣ ಕಿರೀಟದ ಸಮೇತ ನಮ್ಮಮ್ಮನ ಮನೆಗೆ ಹೋಗ್ತೀನಿ."

ಅವಳು ಹೇಳಿದ್ದನ್ನು ಮಾಡುವ ಪೈಕಿ. ಮುರುಕಣ್ಣ ನೆಟ್ಟಗೆ ಹೋಗಿ ಮ್ಯಾನೇಜರನ ಮೇಜಿನ ಮುಂದೆ ನಿಂತ.

"ಸಾರ್, ಇವತ್ತು ಐದು ಗಂಟೆಗೆ ನಾನು ಹೊರಡೋನೇ."

"ಹೊರಡಿ ಮುರುಕಣ್ಣ, ಯಾರು ಬೇಡ ಅಂದ್ರು?" ಮ್ಯಾನೇಜರನ ನಗು ಕ್ರೀಮು ಬಿಸ್ಕತ್ತಿನ ಹಾಗೆ, ಒಳಗೆ ಇನ್ನೇನೋ ಇರುತ್ತಿತ್ತು. "ಕೋಟಿಗೆ ಒಂದು ಮೈ ತನ್ನಿ."

"ತರ್ತೀನಿ. ತರದೇ ಇದ್ರೂ ಹೋಗ್ತೀನಿ."

ಬೆಲ್ಟಿನ ಆಚೆಬದಿಯಿಂದ ದೊಡ್ಡಮ್ಮ, ಅಂದರೆ ಒಲೆ ಹಚ್ಚಿದ ದಿನದಿಂದಲೂ ಅಲ್ಲೇ ನಿಂತಿರುವ ಹಿರಿಯಾಕೆ, "ಹಾಗ್ ಹೇಳು!" ಎಂದು ಬುಟ್ಟಿ ಕುಟ್ಟಿದಳು.

ಊಟದ ಹೊತ್ತಿಗೆ ಒಲೆ ಆರಿ ನಿಯಮಕ್ಕೂ ಬಿಡುವು ಸಿಕ್ಕಿದ್ದೇ ತಡ, ಮುರುಕಣ್ಣ ಕೋಟನ್ನು ಕಂಕುಳಲ್ಲಿ ಇಟ್ಟುಕೊಂಡು ಬೀದಿಗಿಳಿದ.

ಮೊದಲು ಸಿಕ್ಕವನು ಕ್ಷೌರದಂಗಡಿಯವನು. ಗಿರಾಕಿ ಇಲ್ಲದೆ ತನ್ನ ಗಡ್ಡವನ್ನೇ ಎರಡನೇ ಸಲ ಕೆರೆಯುತ್ತಿದ್ದ.

"ಬಿಳಿ ಬಟ್ಟೆ ಬೇರೆಯವರಿಗೆ ಹೊದಿಸೋನು ಕಣಪ್ಪಾ ನಾನು," ಎಂದ. "ನನಗೆ ಬೇರೆಯವರು ಬಿಳಿ ಬಟ್ಟೆ ಹೊದಿಸೋ ದಿನ ಇನ್ನೂ ದೂರ ಇದೆ. ತಗೊಂಡ್ಹೋಗು ಆಚೆ."

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಎಲ್ಲವನ್ನೂ ತಲೆಯಾಡಿಸಿ ಕೇಳಿದರು. ದೇಶಕ್ಕೆ ದುಡಿಯುವ ಕೈಗಳ ಕೊರತೆ ಏಕೆ ಬಂತೆಂದು ವಿವರಿಸಿದರು. ಮುರುಕಣ್ಣನಿಗೆ ಆಸೆ ಹುಟ್ಟಿತು.

"ಅಲ್ಲಿ ಕುರ್ಚಿ ಇರುತ್ತೇನಯ್ಯಾ?"

"ಇಲ್ಲ ಮೇಷ್ಟ್ರೇ, ನಿಂತೇ ಮಾಡ್ಬೇಕು."

"ಜೀವಮಾನವಿಡೀ ಹುಡುಗರನ್ನ ನಿಲ್ಲಿಸಿದ್ದೀನೇ ಹೊರತು ನಾನು ನಿಂತಿಲ್ಲ," ಎಂದು ಅವರು ಕಿಟಕಿ ಹಾಕಿಕೊಂಡರು.

ಕೊನೆಗೆ ಉಳಿದವನು ಬಾಮೈದ. ಓದು ಮುಗಿಸಿ ಅಕ್ಕನ ಮನೆಗೆ ಬಂದವನು ತಕ್ಕ ಕೆಲಸ ಸಿಗುವ ತನಕ ಅಂತ ಸೋಫಾದ ಮೇಲೆ ಮಲಗಿದ್ದ; ಸೋಫಾದಲ್ಲಿ ಅವನ ಆಕಾರವೇ ಮೂಡಿಬಿಟ್ಟಿತ್ತು. ಅವನನ್ನು ಕೇಳುವುದು ಗೋಡೆಯನ್ನು ಕೇಳಿದ ಹಾಗೆ ಎಂದು ಗೊತ್ತಿದ್ದೂ ಮುರುಕಣ್ಣ ಕೇಳಿದ.

"ಎಷ್ಟು ಕೊಡ್ತಾರೆ ಭಾವ?"

"ಹೊಸಬರಿಗೆ ಡಬಲ್ ಕೂಲಿ."

"ಮುರುಕು ಬಿಸ್ಕತ್ತು ಏನ್ಮಾಡ್ತಾರೆ?"

"ತಿಂದ್ರೆ ಯಾರೂ ಕೇಳಲ್ಲ."

ಬಾಮೈದ ಎದ್ದು ಕೂತ. ಸೋಫಾ ನಿಟ್ಟುಸಿರು ಬಿಟ್ಟಿತು.

"ಅಲ್ಲಾ, ಸಂಜೆ ನಿನಗೆ ಬೇರೇನೂ ಕೆಲ್ಸ ಇಲ್ವಾ?" ಎಂದು ಮುರುಕಣ್ಣ ಕೇಳಿದ್ದು ಮರ್ಯಾದೆಗೆ.

"ಒಂದಿತ್ತು ಭಾವ. ಅದೂ ನಿಂತ್ಕೊಳ್ಳೋದೇ. ಅಲ್ಲಿ ಕಾಸಿಲ್ಲ, ಇಲ್ಲಿ ಕಾಸಿದೆ. ಅಕ್ಕನಿಗೆ ಮಾತ್ರ ಹೇಳ್ಬೇಡಿ."

ಅದು ಎಂಥ ಕೆಲಸ ಎಂದು ಕೇಳುವ ವ್ಯವಧಾನ ಮುರುಕಣ್ಣನಿಗಿರಲಿಲ್ಲ. ಸಿಕ್ಕ ಮೀನು ಜಾರೀತೆಂದು ಅಲ್ಲೇ ಕೋಟಿನ ಅಳತೆ ನೋಡಿದ.

ಐದಕ್ಕೆ ಬಾಮೈದ ಬಂದೇ ಬಂದ. ಮುರುಕಣ್ಣ ಕೋಟು ಬಿಚ್ಚಿ, ಮದುಮಗನಿಗೆ ತೊಡಿಸುವ ಹಾಗೆ ಅವನಿಗೆ ತೊಡಿಸಿ, ಗುಂಡಿಗಳನ್ನು ತಾನೇ ಹಾಕಿದ. ಬಾಮೈದ ಮುರಿದ ಬಿಸ್ಕತ್ತನ್ನು ಬೆಲ್ಟಿನಲ್ಲೇ ಬಿಟ್ಟು ಇಡಿಯವನ್ನು ಬಾಯಿಗೆ ಹಾಕಿಕೊಳ್ಳತೊಡಗಿದ.

ಮ್ಯಾನೇಜರ್ ಓಡಿಬಂದ. "ಮುರುಕಣ್ಣ! ಇವನಿಗೆ ಕೆಲ್ಸ ಕಲಿಸಿ ಹೋಗ್ರೀ! ಹೊರಗೆ ಲಾರಿ ಕಾಯ್ತಿದೆ!"

"ಕೋಟು ಯಾರ ಮೈಮೇಲಿದೆ ಸಾರ್?"

"ಅವನ ಮೈಮೇಲೆ. ಆದ್ರೆ..."

"ಆದ್ರೆ ಗೀದ್ರೆ ಇಲ್ಲ. ನಿಯಮ ನಿಮ್ದು. ನಾನು ಮೈ ತಂದಿದೀನಿ. ತಲೆನೂ ತರ್ಬೇಕು ಅಂತ ನೀವು ಹೇಳಿರ್ಲಿಲ್ಲ."

ದೊಡ್ಡಮ್ಮ ಮತ್ತೆ ಬುಟ್ಟಿ ಕುಟ್ಟಿದಳು. ಮುರುಕಣ್ಣ ಹಿಂತಿರುಗಿ ನೋಡದೆ ಗೇಟು ದಾಟಿದ. ಇಷ್ಟು ವರ್ಷದಲ್ಲಿ ಅವನ ಎದೆ ಉಬ್ಬಿ ಅಂಗಿಯ ಗುಂಡಿಗೆ ತಾಗಿದ್ದು ಅದೇ ಮೊದಲು.

ನಾಟಕದ ಹಾಲ್ ತುಂಬಿತ್ತು. ಮುಂದಿನ ಸಾಲಿನ ಮಧ್ಯದ ಕುರ್ಚಿಯಲ್ಲಿ ಅವನ ನೀಲಿ ಟವಲ್ ಕಾದಿತ್ತು. ಅವನು ಟವಲ್ ಎತ್ತಿ, ಇನ್ನೇನು ಕೂರಬೇಕು, ಅರ್ಧ ಬಗ್ಗಿಯೂ ಇದ್ದ. ಅಷ್ಟರಲ್ಲಿ ಪರದೆಯ ಸಂದಿನಿಂದ ಮೀಸೆಯೊಂದು ಹೊರಬಂತು.

"ರೀ! ಬಂದ್ರಾ! ಬನ್ನಿ ಇಲ್ಲಿ, ಬೇಗ!"

ಅವನು ಟವಲನ್ನು ಮತ್ತೆ ಕುರ್ಚಿಗೆ ಹಾಕಿ, ಬಗ್ಗಿದವನು ಹಾಗೇ ಎದ್ದು ಹೋದ. ರಾಜನ ಕಣ್ಣಲ್ಲಿ ನೀರಿತ್ತು.

"ನನ್ನ ತಮ್ಮ ಎಲ್ಲಾದ್ರೂ ಕಂಡ್ನೇನ್ರೀ? ನನ್ನ ಅಂಗರಕ್ಷಕ ಅವನೇ. ಫೋನೂ ಎತ್ತುತ್ತಿಲ್ಲ. ಸಿಂಹಾಸನದ ಹಿಂದೆ ಯಾರೂ ಇಲ್ದೆ ನಾನೆಂಥಾ ರಾಜ?"

'ಒಂದಿತ್ತು ಭಾವ, ಅದೂ ನಿಂತ್ಕೊಳ್ಳೋದೇ.' ಬಾಮೈದನ ಆ ಮಾತು ಮುರುಕಣ್ಣನಿಗೆ ಈಗ ಅರ್ಥವಾಯಿತು.

"ಬೇರೆ ಯಾರಾದ್ರೂ..." ಎಂದು ತೊದಲಿದ.

"ತಂಡದಲ್ಲಿ ಜನ ಎಲ್ಲಿದಾರೆ ಕಣ್ರೀ? ಮಂತ್ರಿನೇ ವೇಷ ಬದಲಾಯಿಸ್ಕೊಂಡು ಶತ್ರುನೂ ಆಗ್ತಾನೆ. ಮಾತಿಲ್ಲ, ಕತೆಯಿಲ್ಲ. ಬರೀ ನಿಂತ್ಕೊಂಡ್ರೆ ಸಾಕು. ನಿಮಗೆ ಅಭ್ಯಾಸ ಇದೆಯಲ್ಲ?"

ಅವನು ಬೇಡವೆನ್ನುವಷ್ಟರಲ್ಲಿ ರಾಜ ತನ್ನ ಕೈಯಾರೆ ಅವನಿಗೆ ಅಂಗರಕ್ಷಕನ ಕೆಂಪು ಕೋಟು ತೊಡಿಸಿ ಗುಂಡಿ ಹಾಕಿಬಿಟ್ಟಿದ್ದ. ಕೈಗೆ ಈಟಿ ಬಂತು. ಪರದೆ ಸರಿಯಿತು.

ರಾಜ ಸಭೆಗೆ ಮುಖಮಾಡಿ ಘರ್ಜಿಸಿದ. ಜನ ಚಪ್ಪಾಳೆ ತಟ್ಟಿದರು, ಕಣ್ಣೊರೆಸಿಕೊಂಡರು. ಮುರುಕಣ್ಣನಿಗೆ ಕಂಡದ್ದು ಕಿರೀಟದ ಹಿಂಭಾಗ ಮತ್ತು ಅದನ್ನು ಬಿಗಿದ ರಬ್ಬರ್ ಬ್ಯಾಂಡು.

ಎರಡನೇ ಅಂಕಕ್ಕೆ ದೀಪ ಮಂದವಾದಾಗ ಮುಂದಿನ ಸಾಲಿನಲ್ಲಿ ಕುರುಕುರು ಸದ್ದು ಕೇಳಿಸಿತು. ಮಧ್ಯದ ಕುರ್ಚಿಯಲ್ಲಿ, ನೀಲಿ ಟವಲನ್ನು ಮಡಿಲಿಗೆ ಹಾಸಿಕೊಂಡು, ಬಾಮೈದ ಬಿಸ್ಕತ್ತು ತಿನ್ನುತ್ತಿದ್ದ.

ಮುರುಕಣ್ಣ ವೇದಿಕೆಯ ಅಂಚಿಗೆ ಜರುಗಿ ಪಿಸುಗುಟ್ಟಿದ: "ಲೋ! ಕೋಟು ಎಲ್ಲೋ?"

"ಮ್ಯಾನೇಜರ್ ಮೈಮೇಲೆ. ಒಂದ್ನಿಮಿಷ ಹಾಕ್ಕೊಂಡಿರಿ ಸಾರ್, ಬಚ್ಚಲಿಗೆ ಹೋಗ್ಬರ್ತೀನಿ ಅಂದೆ. ಹಾಕ್ಕೊಂಡ್ರು. ಈಗ ಬಿಚ್ಚೋಕೆ ಆ ದೊಡ್ಡಮ್ಮ ಬಿಡ್ತಿಲ್ಲ. ನಿಯಮ ಅವರದ್ದೇ ಅಲ್ವಾ ಭಾವ?"

ಮುರುಕಣ್ಣ ಈಟಿಯನ್ನು ಕೆಳಗೆ ಚಾಚಿದ. "ಹಾಗಾದ್ರೆ ಇಲ್ಲಿ ಬಾ. ನಿನ್ನ ಜಾಗ ಇದು. ಹಿಡಿ!"

"ಅಯ್ಯೋ ಭಾವ, ಈಗ ತಾನೇ ಡ್ಯೂಟಿ ಮುಗಿಸ್ಕೊಂಡು ಬಂದಿದೀನಿ," ಎಂದು ಬಾಮೈದ ಕಾಲು ನೀಡಿದ. "ನಿಂತು ನಿಂತು ಸಾಕಾಗಿದೆ."

"ಯಾರಲ್ಲಿ, ಗುಸುಗುಸು?" ಸಿಂಹಾಸನದಿಂದ ಗುಡುಗು ಕೇಳಿತು. ರಾಜ ತಿರುಗಿ ನೋಡಲಿಲ್ಲ. "ನೆಟ್ಟಗೆ ನಿಲ್ಲು, ಅಂಗರಕ್ಷಕ!"

ಜನ ಚಪ್ಪಾಳೆ ತಟ್ಟಿದರು. ಮುರುಕಣ್ಣ ನೆಟ್ಟಗೆ ನಿಂತ.