ಇಬ್ಬರಿಗೂ ಸಮದೂರ

ಮಗಳ ಸಂಬಂಧ ಮಾತಾಡಲು ಬೀಗರು ಭಾನುವಾರ ಬರುತ್ತಾರೆಂದು ಗೊತ್ತಾದಾಗಿನಿಂದ ತೆಮಿರ್‌ಕುಲ್‌ಗೆ ನಿದ್ದೆಯಿಲ್ಲ. ಹುಡುಗ ಒಳ್ಳೆಯವನು, ಕುರಿಯೂ ಕೊಬ್ಬಿದೆ. ಚಿಂತೆಯೆಲ್ಲ ಬಂದವರನ್ನು ಕೂರಿಸುವುದರದ್ದೇ. ಬಾಗಿಲಿಗೆ ಎದುರಿನ ಗೋಡೆಯ ನಡುವೆ ಇರುವ ದೊಡ್ಡ ಗೌರವದ ಜಾಗ ಹುಡುಗನ ಅಜ್ಜ ಕಾಲ್ದರ್‌ಗೆ, ಅದರಲ್ಲಿ ತಕರಾರಿಲ್ಲ. ಆದರೆ ಅಜ್ಜನಿಗೆ ಹತ್ತಿರ ಯಾರು? ತೆಮಿರ್‌ಕುಲ್‌ನ ಅಕ್ಕ ಬಾತ್ಮಾಳೋ, ಅವನ ಹೆಂಡತಿಯ ಅಣ್ಣ ಜುಮಾಶನೋ? ಹಿಂದೊಮ್ಮೆ ಯಾರದೋ ತೊಟ್ಟಿಲ ಶಾಸ್ತ್ರದಲ್ಲಿ ಜುಮಾಶ ತನಗಿಂತ ಒಂದು ಗೇಣು ಗೌರವದ ಜಾಗಕ್ಕೆ ಹತ್ತಿರ ಕೂತನೆಂದು ಬಾತ್ಮಾ ಮಾಂಸ ಮುಟ್ಟದೆ ಎದ್ದು ಹೋಗಿದ್ದಳು. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೆಮ್ಮಿನಲ್ಲೇ ಉತ್ತರ ಕೊಡುತ್ತಾರೆ.

ತೆಮಿರ್‌ಕುಲ್‌ಗೆ ಬಿಷ್ಕೆಕ್ ನಗರದಲ್ಲಿ ಅಂಗಡಿ ಬೋರ್ಡುಗಳ ಅಕ್ಷರ ಬಿಡಿಸುವ ಕೆಲಸ. ಕಂಪ್ಯೂಟರಿನಲ್ಲಿ ಒಂದು ಚುಕ್ಕೆಯ ಮೇಲೆ ಒತ್ತಿ ಇನ್ನೊಂದು ಚುಕ್ಕೆಯವರೆಗೆ ಎಳೆದರೆ ನಡುವಿನ ದೂರ ಮಿಲಿಮೀಟರಿನ ಲೆಕ್ಕದಲ್ಲಿ ಮೂಡುತ್ತದೆ. ಈ ವಿದ್ಯೆಯಿಂದ ಅವನು ಕಸಾಯಿ ಅಂಗಡಿಯ ಬೋರ್ಡಿನಲ್ಲಿ ಕುರಿಯ ಎರಡು ಕಿವಿಗಳಿಗೂ ಪರಿಪೂರ್ಣ ನ್ಯಾಯ ಒದಗಿಸಿದ್ದ. ಸ್ವಂತ ನೆಂಟರು ಕುರಿಗಿಂತ ಕಷ್ಟವೇ?

ಪರದೆಯ ಮೇಲೆ ಕೋಣೆಯನ್ನು ಬಿಡಿಸಿದ, ಕೂರುವ ಹಾಸಿಗೆಗಳನ್ನು ಬಿಡಿಸಿದ, ಒಬ್ಬೊಬ್ಬರಿಗೆ ಒಂದೊಂದು ಚುಕ್ಕೆಯಿಟ್ಟ. ಅಜ್ಜನ ಚುಕ್ಕೆಯಿಂದ ಅಕ್ಕನ ಚುಕ್ಕೆಗೆ ಎಳೆದ, ಭಾವನ ಚುಕ್ಕೆಗೆ ಎಳೆದ. ಅಲ್ಲಿ ಜರುಗಿಸಿದ, ಇಲ್ಲಿ ಜರುಗಿಸಿದ. ಕೊನೆಗೆ ಎರಡೂ ಕಡೆ ಒಂದೇ ಅಂಕಿ ಬಂದಾಗ, ಎರಡು ದೇಶಗಳ ಗಡಿ ತಕರಾರು ತೀರಿಸಿದ ಗತ್ತಿನಲ್ಲಿ ಹೆಂಡತಿ ಸೋನುನ್‌ಳನ್ನು ಕರೆದು ತೋರಿಸಿದ.

"ಇದರಲ್ಲಿ ನಮ್ಮಣ್ಣ ಎಲ್ಲಿ?"

"ಇಗೋ, ಈ ಚುಕ್ಕೆ."

"ನಮ್ಮಣ್ಣ ಇಷ್ಟೇನಾ?"

"ಬಿಂದುವಿಗೆ ಉದ್ದ ಅಗಲ ಇರಲ್ಲ ಕಣೇ. ಗಣಿತ ಅದು."

"ನಮ್ಮಣ್ಣನಿಗೆ ಇದೆ ರೀ. ಹೋದ್ಸಲ ಸೋಫಾನ ಕೇಳಿ ನೋಡಿ," ಎಂದು ಸೋನುನ್ ಹಿಟ್ಟು ನಾದಲು ಹೋದಳು.

(ಗಣಿತ ಗೊತ್ತಿಲ್ಲದ ಹೆಂಡತಿಯ ಜೊತೆ ಬಾಳುವ ಗಂಡಸರ ಸಂಕಟ ಯಾವ ತಂತ್ರಾಂಶದಲ್ಲೂ ಅಳೆಯಲಾಗದ್ದು.)

ಭಾನುವಾರ ತೆಮಿರ್‌ಕುಲ್ ನೆಲಹಾಸಿನ ಮೇಲೆ ಚುಕ್ಕೆಗಳಿರುವಲ್ಲೆಲ್ಲ ಕೆಂಪು ಟೇಪು ಅಂಟಿಸಿದ. ಬೀಗರಿಗಿಂತ ಮುಂಚೆ ಬಾತ್ಮಾ, ಜುಮಾಶ ಬಂದರು. ಟೇಪು ನೋಡಿದರು. ಅವನು ನಕ್ಷೆಯ ಹಾಳೆ ಬಿಚ್ಚಿ ಮಿಲಿಮೀಟರುಗಳನ್ನು ವಿವರಿಸಿದ.

"ಲೋ ತೆಮಿರ್," ಎಂದಳು ಬಾತ್ಮಾ, "ಈ ಮನುಷ್ಯ ಹುಟ್ಟಿದಾಗ ನಾನು ಕುದುರೆ ಹತ್ತಿ ಮಂದೆ ಕಾಯ್ತಿದ್ದೆ. ಇವನಿಗೂ ನನಗೂ ಸಮ ಅಂತ ಹೇಳಿದ್ದು ಯಾರು?"

"ನಾನು ಹುಡುಗಿಯ ಸೋದರಮಾವ," ಎಂದ ಜುಮಾಶ. "ನನ್ನನ್ನ ಬೋರ್ಡಿನ ಅಕ್ಷರದ ಹಾಗೆ ಅಂಟಿಸ್ತೀಯಾ ಭಾವ?"

"ಅದೇ ಕೇಳ್ತಿದೀನಿ ನಾನೂ," ಎಂದಳು ಬಾತ್ಮಾ.

"ನೀವು ಹೇಳೋದು ಸರಿ ಅಕ್ಕ," ಎಂದ ಜುಮಾಶ.

ಅಷ್ಟು ಕಾಲ ಕೆಮ್ಮಿನಲ್ಲಿ ನಡೆದಿದ್ದ ವ್ಯವಹಾರ ಹೀಗೆ ಮಾತಿಗೆ ಬಂತು. ಇಬ್ಬರೂ ತಲೆಗೆ ತಲೆ ತಾಗಿಸಿ ನಕ್ಷೆ ಪರಿಶೀಲಿಸಿದರು. ಮನೆಯ ಯಜಮಾನನಿಗೇ ಅದರಲ್ಲಿ ಚುಕ್ಕೆಯಿರಲಿಲ್ಲ. ಅಳೆಯುವ ಭರದಲ್ಲಿ ಅವನು ತನ್ನನ್ನೇ ಮರೆತಿದ್ದ.

"ಹಾಗಾದ್ರೆ ಬಾಗಿಲ ಹತ್ತಿರ ಕೂತು ಚಹಾ ಹಾಕು," ಎಂದು ಬಾತ್ಮಾ ತೀರ್ಪು ಕೊಟ್ಟಳು. ಅದು ಮನೆಗೆ ಬಂದ ಹೊಸ ಸೊಸೆ ಕೂರುವ ಜಾಗ.

ಬೀಗರು ಬಂದರು. ಬಾತ್ಮಾ ಅಜ್ಜನ ಎಡಕ್ಕೆ ಒತ್ತಿ ಕೂತಳು, ಜುಮಾಶ ಬಲಕ್ಕೆ ಒತ್ತಿ ಕೂತ. ಅಜ್ಜ ನಡುವೆ ಸ್ವಲ್ಪ ಮೇಲಕ್ಕೇ ಎದ್ದ. (ಎರಡೂ ಕಡೆ ದೂರ ಸೊನ್ನೆ. ಸಮವೇ.) ಚಹಾದ ಬಟ್ಟಲುಗಳು ಕೈಯಿಂದ ಕೈಗೆ ಹೋದವು, ಬಂದವು. ಮರ್ಯಾದೆ ಗೊತ್ತಿದ್ದವರು ಹಾಕುವಂತೆ ತೆಮಿರ್‌ಕುಲ್ ಅರ್ಧರ್ಧವೇ ಹಾಕುತ್ತಿದ್ದ. ಜುಮಾಶ ಮಾತ್ರ ಬಟ್ಟಲು ಕಳಿಸಿದಾಗಲೆಲ್ಲ, "ನಮ್ಮ ಭಾವ ಮನುಷ್ಯರನ್ನ ಮಿಲಿಮೀಟರಲ್ಲಿ ಅಳೀತಾರೆ," ಎಂದು ಬೀಗರಿಗೆ ಹೊಸದಾಗಿ ಪರಿಚಯಿಸುತ್ತಿದ್ದ.

ತೆಮಿರ್‌ಕುಲ್‌ನ ತಾಳ್ಮೆ ಮುಗಿಯಿತು. ಜುಮಾಶನ ಬಟ್ಟಲನ್ನು ಅಂಚಿನವರೆಗೆ ತುಂಬಿಸಿ ಕಳಿಸಿದ. ತುಂಬಿದ ಬಟ್ಟಲೆಂದರೆ ಕುಡಿದು ಎದ್ದು ಹೊರಡು ಎಂದರ್ಥ. ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ.

ಜುಮಾಶ ಆ ಹೊತ್ತಿಗೆ ಎಲುಬು ಚೀಪುತ್ತಿದ್ದ. ಬಂದ ಬಟ್ಟಲನ್ನು ನೋಡದೆ, ಬಹಳ ವಿನಯದಿಂದ, ಹಿರಿಯರಿಗೆ ದಾಟಿಸಿದ.

ಕಾಲ್ದರ್ ಅಜ್ಜ ಬಟ್ಟಲು ನೋಡಿದ. ಅಡುಗೆಮನೆಯ ಬಾಗಿಲಲ್ಲಿ ಸೋನುನ್ ಬಾಯಿಗೆ ಕೈ ಹಿಡಿದಳು. ಅವಳ ಹಿಂದೆ ಮಗಳ ಮುಖ ಬಿಳಿಚಿತು. ಅಜ್ಜ ಟೋಪಿ ಸರಿಮಾಡಿಕೊಂಡು ಏಳಲು ಕೈಯೂರಿದ.

"ಬೀಗರೇ, ಕೂತ್ಕೊಳ್ಳಿ," ಎಂದು ಬಾತ್ಮಾ ಅವನ ತೋಳು ಹಿಡಿದಳು. "ನಮ್ಮ ತಮ್ಮನಿಗೆ ಕಂಪ್ಯೂಟರ್ ಹೇಳದೆ ಬಟ್ಟಲಿಗೆಷ್ಟು ಚಹಾ ಅಂತಾನೂ ಗೊತ್ತಾಗಲ್ಲ."

"ಮನಸ್ಸು ಒಳ್ಳೇದು," ಎಂದ ಜುಮಾಶ ಎಲುಬು ಕೆಳಗಿಟ್ಟು. "ಅಳತೆ ಒಂದೇ ತಪ್ಪು."

ಅಜ್ಜನ ಗಡ್ಡ ಮೊದಲು ಅಲುಗಿತು, ಆಮೇಲೆ ಹೊಟ್ಟೆ. ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು ಅವನು ಆ ಬಟ್ಟಲನ್ನು ಬಂದ ದಾರಿಯಲ್ಲೇ ವಾಪಸು ಕಳಿಸಿದ. ಒಂದು ಹನಿ ಚೆಲ್ಲದೆ ಅದು ಬಾಗಿಲ ಬಳಿಗೆ ಬಂತು.

"ಕುಡೀರಿ ಬೀಗರೇ," ಎಂದ ಅಜ್ಜ. "ನಾವು ಮದುವೆ ದಿನ ಗೊತ್ತು ಮಾಡ್ತೀವಿ."

ತೆಮಿರ್‌ಕುಲ್ ಕುಡಿದ. ತುಂಬಿದ ಬಟ್ಟಲು ಕುಡಿದವನು ಮಾಡಬೇಕಾದದ್ದನ್ನೇ ಮಾಡಿದ: ಎದ್ದು, ಎಲ್ಲರಿಗೂ ಎದೆಮುಟ್ಟಿ ನಮಸ್ಕರಿಸಿ, ಹೊರಗೆ ಹೋಗಿ ಬೀಗರ ಬೂಟುಗಳ ನಡುವೆ ಕೂತ.