ಡ್ಯೂಪ್ಲೆಕ್ಸಿನ ಮೊದಲನೇ ಮೆಟ್ಟಿಲು

ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ, ಏಳನೇ ಕ್ಲಾಸಿನ ಅರ್ಧದಲ್ಲಿ, ನಾನು ಓದು ನಿಲ್ಲಿಸಿದೆ. ಅದಾದ ಮೇಲೆ ಕಲಿತದ್ದೆಲ್ಲ ಕುಕ್ಕರಗಾಲಿನಲ್ಲಿ ಕೂತು. ನಾನು ಟೈಲ್ಸ್ ಮೇಸ್ತ್ರಿ. ಹೆಬ್ಬಾಳದಿಂದ ಯಲಹಂಕದವರೆಗೆ ಎದ್ದು ನಿಂತಿರುವ ಅಪಾರ್ಟ್‌ಮೆಂಟುಗಳಲ್ಲಿ ಎಷ್ಟೋ ಜನ ನಾನು ಕೂರಿಸಿದ ನೆಲದ ಮೇಲೆ ನಿಂತು ದೋಸೆ ಹುಯ್ಯುತ್ತಿದ್ದಾರೆ; ಹೆಸರು ಮಾತ್ರ ಬಿಲ್ಡರಿನದು. ಬೇರೆಯವರು ಯಾರದಾದರೂ ಮನೆಗೆ ಹೋದರೆ ಗೋಡೆ, ಫೋಟೋ, ಟೀವಿ ನೋಡುತ್ತಾರೆ. ನಾನು ನೆಲ ನೋಡುತ್ತೇನೆ. ಹೆಣ್ಣು ನೋಡಲು ಹೋದಾಗಲೂ ತಲೆ ಎತ್ತಲಿಲ್ಲ. ಹುಡುಗ ಬಹಳ ಸಂಕೋಚದವನು ಎಂದು ಹೆಣ್ಣಿನ ಕಡೆಯವರು ಅಲ್ಲೇ ಒಪ್ಪಿಕೊಂಡರು. ನಾನು ನೋಡುತ್ತಿದ್ದದ್ದು ಅವರ ರೆಡ್ ಆಕ್ಸೈಡ್ ನೆಲದ ಬಿರುಕನ್ನು. ಈ ವಿಷಯ ನನ್ನ ಹೆಂಡತಿ ರತ್ನಾಳಿಗೆ ಮದುವೆಯಾಗಿ ಹನ್ನೊಂದು ವರ್ಷಕ್ಕೆ ಗೊತ್ತಾಯಿತು. ಆಗ ಏನೂ ಮಾಡುವ ಹಾಗಿರಲಿಲ್ಲ.

ಇಂಥ ನಾನು ಮೂವತ್ತು ವರ್ಷ ಊರವರ ನೆಲ ಮಾಡಿದ ಮೇಲೆ, ನಮ್ಮದೂ ಒಂದು ಬಾಡಿಗೆ ಮನೆ ಇರಲಿ ಎಂದು ಹೊರಟೆ. ಇರುವುದಕ್ಕೆ ವಿದ್ಯಾರಣ್ಯಪುರದಲ್ಲಿ ಎರಡು ರೂಮಿನ ಮನೆ ಆಗಿತ್ತು. ಇನ್ನೊಂದು ಇದ್ದರೆ ಮಂಡಿ ಕೈಕೊಟ್ಟ ಕಾಲಕ್ಕೆ ಅನ್ನ ಹಾಕುತ್ತದೆ ಎಂಬುದು ಲೆಕ್ಕ. ಬ್ರೋಕರ್ ಒಬ್ಬ ಚಿಕ್ಕಬಾಣಾವರದ ಸ್ಟೇಷನ್ ಹಿಂದಿನ ಬೀದಿಯಲ್ಲಿ ಒಂದು ಹಳೇ ಮನೆ ತೋರಿಸಿದ. ಕೆಳಗೆ ಹಾಲು, ಅಡುಗೆಮನೆ. ಮೇಲೆ ಎರಡು ರೂಮು. "ಡ್ಯೂಪ್ಲೆಕ್ಸ್ ಸಾರ್!" ಅಂದ. "ನಮ್ ಕಡೆ ಇದಕ್ಕೆ ಮಹಡಿ ಮನೆ ಅಂತೀವಲ್ಲಪ್ಪ" ಅಂದೆ. ಅವನು ನನ್ನನ್ನು ಕರುಣೆಯಿಂದ ನೋಡಿ, "ಮೆಟ್ಲು ಹೊರಗಡೆ ಇದ್ರೆ ಮಹಡಿ ಮನೆ, ಒಳಗಡೆ ಇದ್ರೆ ಡ್ಯೂಪ್ಲೆಕ್ಸ್. ರೇಟೇ ಬೇರೆ ಸಾರ್" ಅಂದ. ಆ ಮೆಟ್ಟಿಲಿಗಾಗಿ ಬ್ಯಾಂಕಿನ ಸಾಲ ಮಾಡಿದೆ. ಕಾಗದಕ್ಕೆ ಸಹಿ ಹಾಕುವ ದಿನ ರತ್ನ ಒಂದು ಷರತ್ತು ಹಾಕಿದಳು: "ನೋಡ್ರೀ, ಶ್ರಾವಣ ಬರೋದ್ರೊಳಗೆ ಬಾಡಿಗೆಯವರು ಬರ್ಬೇಕು. ಬರ್ಲಿಲ್ಲ ಅಂದ್ರೆ ಮನೆ ಮಾರ್ಬಿಡೋಣ. ನಿಮ್ ಕೂಲೀಲೇ ಕಂತು ಕಟ್ತಾ ಕೂತ್ರೆ ನಿಮ್ ಮಂಡಿ ಈಗ್ಲೇ ಹೋಗುತ್ತೆ." ನಾನು ನಕ್ಕುಬಿಟ್ಟೆ. ನನ್ನ ನೆಲ ನೋಡಿದ ಮೇಲೆ ಯಾರಾದರೂ ಬೇಡ ಎನ್ನುವುದುಂಟೆ?

ನೆಲದ ಕಥೆ ಹೇಳಬೇಕು. ಹಾಲಿನ ಹಳೇ ಮೊಸಾಯಿಕ್ಕು ಒಂದು ಮೂಲೆಗೆ ಇಳಿಜಾರಾಗಿತ್ತು. ಅದನ್ನು ಒಡೆದು ತೆಗೆಯಬೇಕೆಂದರೆ ವಾರಗಟ್ಟಲೆ ಧೂಳು, ಲೋಡುಗಟ್ಟಲೆ ಡೆಬ್ರಿಸ್. ದಡ್ಡರು ಒಡೆಯುತ್ತಾರೆ. ತಿಳಿದವರು ಅದರ ಮೇಲೇ ಸಿಮೆಂಟು ಹಾಸಿ, ಮಟ್ಟ ಮಾಡಿ, ಟೈಲ್ಸ್ ಕೂರಿಸುತ್ತಾರೆ. ಅಪಾರ್ಟ್‌ಮೆಂಟುಗಳಲ್ಲಿ ನೂರಾರು ಸಲ ಮಾಡಿದ್ದೇನೆ. ನೆಲ ಒಂದೂವರೆ ಇಂಚು ಏರುತ್ತದೆ, ಬಾಗಿಲು ಉಜ್ಜುತ್ತದೆ, ಬಡಗಿಯನ್ನು ಕರೆಸಿ ಬಾಗಿಲ ಅಡಿಯನ್ನು ಕೊಯ್ಯಿಸಿದರೆ ಮುಗಿಯಿತು. ಹಾಗೇ ಮಾಡಿದೆ. ಮೆಟ್ಟಿಲಿಗೆ ಮೊದಲೇ ಒಳ್ಳೇ ಗ್ರಾನೈಟ್ ಹಾಕಿದ್ದರು. ಪಾಲಿಶ್ ಮಾತ್ರ ಹೊಡೆಸಿದೆ. ಕೆಲಸ ಮುಗಿದ ದಿನ ಹಾಲಿನ ನಟ್ಟನಡುವೆ ಒಂದು ಗೋಲಿ ಇಟ್ಟೆ. ಅಲ್ಲಾಡಲಿಲ್ಲ. ರತ್ನಾಳನ್ನು ಕರೆದು ತೋರಿಸಿದೆ. "ಚೆನ್ನಾಗಿದೆ, ಗೋಲಿಗೆ ಬಾಡಿಗೆ ಕೊಡೋಣ" ಅಂದಳು. ಮಂಡಿನೋವು ಎಂದು ಅವಳು ಮೇಲೆ ಹತ್ತಲೇ ಇಲ್ಲ.

ಅಷ್ಟು ಹೊತ್ತಿಗೆ ಆಷಾಢ ಹತ್ತಿರ ಬಂದಿತ್ತು. ಮೊದಲು ಬಂದವರು ಹುಬ್ಬಳ್ಳಿ ಕಡೆಯ ದಂಪತಿ, ಗಂಡನಿಗೆ ಪೀಣ್ಯದಲ್ಲಿ ಕೆಲಸ. ನೆಲ ನೋಡಿ, "ಏನ್ ಫಿನಿಶಿಂಗ್ ರೀ ಯಪ್ಪಾ!" ಅಂದರು. ನಾನು ಉಬ್ಬಿದೆ. ಮೆಟ್ಟಿಲು ಹತ್ತುವಾಗ ಆ ಹೆಂಗಸು ಎಡವಿ ಕಂಬಿ ಹಿಡಿದುಕೊಂಡರು. ಇಳಿದು ಬಂದ ಮೇಲೆ ಇಬ್ಬರೂ ಮುಖ ಮುಖ ನೋಡಿಕೊಂಡು, "ಆಷಾಢ ಮುಗೀಲಿ ಬಿಡ್ರಿ, ನೋಡೋಣಂತ" ಅಂದು ಹೋದರು. ಆಮೇಲೆ ಬಂದ ಕಾಲೇಜು ಮೇಷ್ಟರೂ ಎಡವಿದರು, ಅವರಿಗೂ ಆಷಾಢ. ಮೂರನೆಯವರ ಹೆಂಡತಿ ಎಡವಿದಾಗ ಚಪ್ಪಲಿ ಒಂದು ಕಡೆ, ಅವರು ಒಂದು ಕಡೆ. ಆಷಾಢದಲ್ಲಿ ಯಾರೂ ಮನೆ ಬದಲಾಯಿಸುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವುದೇ. ಎಡವಿದ್ದಕ್ಕೆ ಅವರವರ ಕಾಲು ಕಾರಣ. ಈಗಿನವರಿಗೆ ಲಿಫ್ಟು ಅಭ್ಯಾಸ, ಮೆಟ್ಟಿಲು ಹತ್ತುವುದೇ ಮರೆತಿದ್ದಾರೆ ಎಂದು ರತ್ನಾಳಿಗೆ ಹೇಳಿದೆ. "ಮೂರು ಜನಕ್ಕೂ ಒಟ್ಟಿಗೇ ಮರ್ತೋಯ್ತಾ?" ಅಂದಳು. ಅವಳ ಸಮಾಧಾನಕ್ಕೆಂದು ಟೇಪು ತೆಗೆದುಕೊಂಡು ಹೋಗಿ, ಎಲ್ಲರೂ ಎಡವುತ್ತಿದ್ದ ಎರಡನೇ ಮೆಟ್ಟಿಲಿನ ಎತ್ತರ ಅಳೆದೆ. ಸರಿಯಾಗಿ ಏಳು ಇಂಚು. ಮೂರನೆಯದೂ ಏಳು. ಮೇಸ್ತ್ರಿಯ ಮಾತು ಮೇಸ್ತ್ರಿಯದೇ ಎಂದು ಟೇಪು ಜೇಬಿಗಿಟ್ಟುಕೊಂಡು, ಎಂದಿನಂತೆ ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋಗಿ ಕಿಟಕಿ ಹಾಕಿ ಬಂದೆ.

ಶ್ರಾವಣಕ್ಕೆ ಎರಡೇ ವಾರ ಇತ್ತು. ಬ್ರೋಕರ್ ಫೋನ್ ಮಾಡಿ ಮನೆ ಮಾರುವುದಾದರೆ ಪಾರ್ಟಿ ಇದೆ ಎಂದು ರತ್ನಾಳಿಗೇ ಹೇಳಿದ್ದ. ಆ ವಾರ ಆರ್.ಟಿ. ನಗರದಿಂದ ಸಾದಿಕ್ ಎಂಬವರು ಬಂದರು. ಯಶವಂತಪುರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ರೈಲು ಹತ್ತಿರವಿದ್ದರೆ ಅನುಕೂಲ. ಜೊತೆಗೆ ಅವರ ತಾಯಿ, ಎಪ್ಪತ್ತರ ಆಸುಪಾಸು, ತೆಳ್ಳಗೆ, ಕೊರಳಲ್ಲಿ ಕನ್ನಡಕ. ನನಗೆ ಒಳಗೊಳಗೇ ಖುಷಿ. ಇವರಿಗೆ ಆಷಾಢವಿಲ್ಲ. ನೆಲ ನೋಡುತ್ತಾರೆ, ಅಡ್ವಾನ್ಸ್ ಕೊಡುತ್ತಾರೆ, ಮುಗಿಯಿತು. ರತ್ನಾಳೂ ಬಂದು ಬಾಗಿಲ ಹತ್ತಿರ ನಿಂತಿದ್ದಳು.

ಆ ತಾಯಿ ಮೆಟ್ಟಿಲು ಹತ್ತಿದರು. ಎರಡನೆಯದಕ್ಕೆ ಎಡವಿದರು. "ಅಮ್ಮೀ, ಸಂಭಾಲ್ಕೆ!" ಎಂದು ಮಗ ಹಿಡಿದುಕೊಂಡ. ಆಕೆ ಮೇಲೆ ಹೋಗಲಿಲ್ಲ, ಬೈಯಲೂ ಇಲ್ಲ. ಕೆಳಗಿಳಿದು, ನೆಲಕ್ಕೆ ಕೂತು, ಕನ್ನಡಕ ಹಾಕಿಕೊಂಡು ಮೊದಲನೇ ಮೆಟ್ಟಿಲಿನ ಎತ್ತರಕ್ಕೆ ಬೆರಳು ಹಿಡಿದು ಅಳೆದರು. ಆಮೇಲೆ ಎರಡನೆಯದಕ್ಕೆ.

"ಮೇಸ್ತ್ರಿ, ಮೊದಲಿಂದು ಗಿಡ್ಡ ಐತೆ" ಅಂದರು.

"ಎರಡನೇದು ಏಳಿಂಚು ಇದೆ ಅಮ್ಮ, ನಾನೇ ಅಳ್ದಿದೀನಿ."

"ಎರಡನೇದು ಸರಿ ಐತೆ. ಕಾಲು ಮೊದಲಿಂದ್ರ ಅಳತೆ ತಗಂಡು ಎರಡನೇದಕ್ಕೆ ಹೋಗ್ತೈತೆ, ಅದಕ್ಕೇ ಬೀಳ್ತೈತೆ. ನಾನು ನಲವತ್ತು ವರ್ಸ ಅಂಗಿ ಹೊಲ್ದಿದೀನಿ. ಕುತ್ತಿಗೇಲಿ ತಪ್ಪು ಮಾಡಿದ್ರೆ ಕಂಕುಳಲ್ಲಿ ಹಿಡೀತೈತೆ. ಗಿರಾಕಿ ಕಂಕುಳೇ ಸರಿ ಇಲ್ಲ ಅಂತಾನೆ."

ನನ್ನ ಕೈ ತಾನೇ ಜೇಬಿಗೆ ಹೋಯಿತು. ಅಳೆದೆ. ಐದೂವರೆ. ನಾನು ಏರಿಸಿದ ಒಂದೂವರೆ ಇಂಚು ನೆಲವನ್ನು ಮೊದಲನೇ ಮೆಟ್ಟಿಲು ನುಂಗಿ ಕೂತಿತ್ತು. ಫ್ಲಾಟುಗಳೊಳಗೆ ಮೆಟ್ಟಿಲೇ ಇರುವುದಿಲ್ಲವಲ್ಲ, ನೂರಾರು ಸಲ ಬಚಾವಾಗಿದ್ದೆ. ಮೂವತ್ತು ವರ್ಷ ನೆಲವನ್ನೇ ನೋಡಿದವನಿಗೆ ನೆಲ ಎಷ್ಟು ಎತ್ತರಕ್ಕೆ ಬಂದಿದೆ ಎಂಬುದು ಮಾತ್ರ ಕಾಣಲಿಲ್ಲ.

ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. "ಒಂದು ವಾರ ಓಡಾಡಿದ್ರೆ ಕಾಲಿಗೆ ಅಭ್ಯಾಸ ಆಗುತ್ತೆ ಅಮ್ಮ" ಅಂದೆ. ಆಕೆ ಎದ್ದು ಸೀರೆ ಕೊಡವಿಕೊಂಡರು. "ಬಿಗಿ ಅಂಗೀನ ಹಿಂಗೇ ಹೇಳಿ ಮಾರೋರು ಇದ್ದರು ನಮ್ ಗಲ್ಲೀಲಿ. ನಾನು ಹೇಳಿಲ್ಲ. ಬಿಚ್ಚಿ ಹೊಲ್ದಿದೀನಿ. ನೀವೂ ಬಿಚ್ಚಿ ಹಾಕಿ, ನಾನು ಬರ್ತೀನಿ. ಮನೆ ಚೆನ್ನಾಗೈತೆ."

ಅವರು ಹೋದ ಮೇಲೆ ರತ್ನ ಮೂಲೆಯಲ್ಲಿದ್ದ ಸುತ್ತಿಗೆ ಮತ್ತು ಉಳಿ ತಂದು ನನ್ನ ಮುಂದೆ ಇಟ್ಟಳು. ಎಷ್ಟೋ ಇಂಜಿನಿಯರುಗಳು, ಮನೆ ಯಜಮಾನರು ಒಡಿ ಅಂದಾಗಲೂ ನನ್ನ ಕೈಯಾರೆ ಕೂರಿಸಿದ ಟೈಲ್ಸನ್ನು ನಾನು ಒಡೆದವನಲ್ಲ. ವಾದ ಮಾಡಿ ಗೆದ್ದಿದ್ದೇನೆ. ಆ ದಿನ ವಾದ ಮಾಡಲು ಎದುರಿಗೆ ಯಾರೂ ಇರಲಿಲ್ಲ, ಮೆಟ್ಟಿಲು ಒಂದೇ ಇತ್ತು. ಮೊದಲ ಏಟು ಹೊಡೆದಾಗ ಬಂದ ಸದ್ದಿಗೆ ಪಕ್ಕದ ಮನೆಯವರು ಇಣುಕಿ, "ಮೊನ್ನೆ ಮೊನ್ನೆ ಹಾಕಿದ್ರಲ್ಲ ಸಾರ್?" ಅಂದರು. "ಡಿಸೈನ್ ಚೇಂಜು" ಅಂದೆ. ಹತ್ತೇ ದಿನದಲ್ಲಿ ಟೈಲ್ಸು ಒಡೆದೆ, ಅಡಿಯ ಮೊಸಾಯಿಕ್ಕನ್ನೂ ಒಡೆದೆ, ಹಳೇ ಎತ್ತರಕ್ಕೇ ಹೊಸ ನೆಲ ಕೂರಿಸಿದೆ. ಈಗ ಬಾಗಿಲುಗಳ ಅಡಿಯಲ್ಲಿ ಒಂದೂವರೆ ಇಂಚು ಸಂದು! ಬೆಕ್ಕು ಬಾಗಿಲು ತಟ್ಟದೆ ಒಳಗೆ ಬರುತ್ತಿತ್ತು. ಕೊಯ್ದ ಬಡಗಿಯನ್ನೇ ಮತ್ತೆ ಕರೆದು ಪಟ್ಟಿ ಹೊಡೆಸಿದೆ. "ಕೊಯ್ದಿದ್ ಪೀಸು ಇಟ್ಕೊಳ್ಳಿ ಅಂತ ಅವತ್ತೇ ಹೇಳಿದ್ನಲ್ಲಣ್ಣ" ಎಂದು ಅವನೂ ನನಗೆ ಬುದ್ಧಿ ಹೇಳಿ ಹೋದ.

ಶ್ರಾವಣದ ಹಿಂದಿನ ದಿನ ಆ ತಾಯಿ ಮತ್ತೆ ಬಂದರು. ಕಂಬಿ ಹಿಡಿಯದೆ ಹತ್ತಿದರು, ಕಂಬಿ ಹಿಡಿಯದೆ ಇಳಿದರು. ಮಗನ ಕಡೆ ತಿರುಗಿ, "ಅಡ್ವಾನ್ಸ್ ದೇ ದೋ" ಅಂದರು. ಬ್ರೋಕರಿಗೆ ರತ್ನಾಳೇ ಫೋನ್ ಮಾಡಿ, ಮನೆ ಮಾರುವುದಿಲ್ಲ ಎಂದಳು. ಅವಳ ಧ್ವನಿಯಲ್ಲಿ ಆ ಮನೆ ಮೊದಲಿಂದಲೂ ಅವಳದೇ ಐಡಿಯಾ ಎಂಬಂತಿತ್ತು.

ಮೂರು ತಿಂಗಳಾದ ಮೇಲೆ ಸಾದಿಕ್ ಅವರ ತಾಯಿ ನನ್ನ ಅಳತೆ ತೆಗೆದುಕೊಂಡು ಒಂದು ಅಂಗಿ ಹೊಲಿದುಕೊಟ್ಟರು. ಮನೆಗೆ ಬಂದು ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಬಲಗಡೆಯ ತೋಳು ಎಡಗಡೆಗಿಂತ ಅರ್ಧ ಇಂಚು ಕೆಳಗಿತ್ತು. ಆಹಾ, ನಲವತ್ತು ವರ್ಷದ ಕೈಯೂ ತಪ್ಪುತ್ತದೆ! ಟೇಪು ಜೇಬಿಗೆ ಹಾಕಿಕೊಂಡು ಚಿಕ್ಕಬಾಣಾವರಕ್ಕೆ ಹೋದೆ. "ಅಮ್ಮ, ತೋಳು..." ಅಂದೆ. "ಬಿಚ್ಚಿ ಅಳೀರಿ" ಅಂದರು. ಮೇಜಿನ ಮೇಲೆ ಹಾಸಿ ಅಳೆದೆ. ಎರಡೂ ಒಂದೇ. ಮತ್ತೊಮ್ಮೆ ಅಳೆದೆ.

"ಅಂಗಿ ಸರಿ ಐತೆ ಮೇಸ್ತ್ರಿ. ನಿಮ್ ಭುಜ ವಾರೆ. ಒಂದೇ ಕೈಯಲ್ಲಿ ಸಿಮೆಂಟು ಎಳ್ದೂ ಎಳ್ದೂ ಬಲಗಡೆ ಇಳ್ದೈತೆ. ಅಳತೆ ತಗಳ್ಳೋವಾಗ್ಲೇ ನೋಡಿದೆ. ಸರಿ ಮಾಡ್ಬಹುದಿತ್ತು, ಆದ್ರೆ ನಿಮಗೆ ಅಳತೆ ಅಂದ್ರೆ ಇಷ್ಟ, ಅದಕ್ಕೇ ಎರಡೂ ತೋಳು ಒಂದೇ ಇಟ್ಟೆ."

ಆದ್ದರಿಂದ ಇವತ್ತಿಗೆ ನನ್ನ ಹತ್ತಿರ ಇರುವುದು ಇಷ್ಟು: ಇರಲು ಒಂದು ಮನೆ, ಬಾಡಿಗೆಗೆ ಒಂದು ಡ್ಯೂಪ್ಲೆಕ್ಸ್, ಅದರಲ್ಲಿ ಏಳೇಳು ಇಂಚಿನ ಹದಿನಾರು ಮೆಟ್ಟಿಲು, ಒಬ್ಬಳು ಹೆಂಡತಿ, ಒಂದು ಹೊಸ ಅಂಗಿ, ಮಟ್ಟವಿಲ್ಲದ ಎರಡು ಭುಜ.