ಎಡಕ್ಕೇ ತಿರುಗುವ ಹಡಗು

ನಮ್ಮ ಬಳಗದಲ್ಲಿ ಕಾರು ಇರುವವರಿದ್ದಾರೆ, ಟ್ರ್ಯಾಕ್ಟರ್ ಇರುವವರಿದ್ದಾರೆ, ಆದರೆ ಸ್ವಂತ ಹಡಗು ಇರುವವರು ಒಬ್ಬರೇ. ನನ್ನ ಸೋದರಮಾವ! ಸಮುದ್ರವನ್ನು ಅವರು ಕಣ್ಣಾರೆ ಕಂಡವರಲ್ಲ. ಈಜು ಬರುವುದಿಲ್ಲ. ತಲೆಗೆ ನೀರು ಹಾಕಿಕೊಳ್ಳುವಾಗಲೂ ಒಂದು ಕೈಯಲ್ಲಿ ಬಚ್ಚಲ ಗೋಡೆ ಹಿಡಿದುಕೊಂಡಿರುವ ಮನುಷ್ಯ. ಇಂಥವರಿಗೆ ಹಡಗು ಯಾಕೆ ಎಂದು ನೀವು ಕೇಳಬಹುದು. ಹರಿಹರದಲ್ಲಿ ಎಲ್ಲರೂ ಕೇಳಿ ಆಗಿದೆ.

ಹಡಗು ಎಂದಾಕ್ಷಣ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಕೆಳಗೆ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳು, ಅವುಗಳ ಮೇಲೆ ಮಾವನಿಗೆ ಮದುವೆಯಲ್ಲಿ ಬಂದ ಮಂಚ, ಮಂಚದ ಎರಡೂ ಪಕ್ಕಕ್ಕೆ ಒಂದೊಂದು ಚಕ್ರ, ಚಕ್ರಕ್ಕೆ ತಗಡಿನ ಹಲಗೆಗಳು, ಅದನ್ನು ತುಳಿದು ತಿರುಗಿಸಲು ಒಂದೊಂದು ಜೊತೆ ಸೈಕಲ್ ಪೆಡಲು. ಬಲಗಡೆ ಮಾವ ಕೂರುತ್ತಿದ್ದರು, ಎಡಗಡೆ ಅತ್ತೆ. ಈಗ ಎಡಗಡೆಯ ಸೀಟು ಖಾಲಿಯಾಗಿದೆ. ನಿಮ್ಮನ್ನು ನಗಿಸಬೇಕೆಂದೇ ಬರೆಯಲು ಕೂತೆ. ಆ ಸೀಟು ನೆನಪಾದರೆ ಕೈ ನಿಂತುಬಿಡುತ್ತದೆ. ಆದರೂ ಹೇಳುತ್ತೇನೆ, ಕೇಳಿ.

ಎಲ್ಲದಕ್ಕೂ ಮೂಲ ಅವರ ಮದುವೆ. ಅತ್ತೆಯ ತವರು ತುಂಗಭದ್ರೆಯ ಆಚೆ ದಡದಲ್ಲಿ. ಹರಿಹರದ ಹೊಳೆಯ ಮೆಟ್ಟಿಲ ಮೇಲೆ ನಿಂತರೆ ಆ ಊರಿನ ಗುಡಿಯ ತುದಿ ಕಾಣುತ್ತದೆ. ಮದುವೆಯ ದಿನ ದಿಬ್ಬಣದ ಬಸ್ಸು ಕೆಟ್ಟು ನಿಂತಿತಂತೆ. ಸೇತುವೆ ಸುತ್ತಿ ಹೋಗುವಷ್ಟು ಹೊತ್ತಿಲ್ಲ ಎಂದು ಹಿರಿಯರು ಮದುಮಗನನ್ನು ಹರಿಗೋಲಿನಲ್ಲಿ ಕೂರಿಸಿದರು. ನಡುಹೊಳೆಯಲ್ಲಿ ಹರಿಗೋಲು ಬುಗುರಿಯಂತೆ ಸುತ್ತಿತು. ಬಾಸಿಂಗ ಕಟ್ಟಿಕೊಂಡ ಮಾವ ಅದರ ಜೊತೆ ಸುತ್ತಿದರು. ದಡ ಮುಟ್ಟುವ ಹೊತ್ತಿಗೆ ಮುಹೂರ್ತ ಮೀರಿತ್ತು, ಮದುಮಗ ವಾಂತಿ ಮಾಡುತ್ತಿದ್ದರು!

"ಭಾವಾಗ ಸೀದಾ ಬರಾಕ ಬರಂಗಿಲ್ಲ" ಎಂದನಂತೆ ಅತ್ತೆಯ ತಮ್ಮ. ಚಪ್ಪರವೆಲ್ಲ ನಕ್ಕಿತು. ಮಾವನಿಗೆ ಅವಮಾನ ತಡೆಯಲಾಗಲಿಲ್ಲ. ತಲೆ ಮೇಲೆ ಅಕ್ಕಿಕಾಳು ಬೀಳುತ್ತಿರುವಾಗಲೇ ಶಪಥ ಮಾಡಿದರು: "ನೋಡ್ತಿರ್ರಿ! ನಿಮ್ಮಕ್ಕನ್ನ ಒಂದಿನ ನಾನೇ ಮಾಡಿದ ಮಿಷನ್ ದೋಣ್ಯಾಗೆ ಪಂಚಮಿಗೆ ಕರ್ಕಂಡ್ ಬರ್ತೀನಿ. ಸೀದಾ!"

ನಾಗರ ಪಂಚಮಿಗೆ ನಮ್ಮ ಕಡೆ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಹೋಗಲೇಬೇಕು. ಎಳ್ಳು, ಶೇಂಗಾದ ಉಂಡಿ ತಿನ್ನಬೇಕು, ಜೋಕಾಲಿ ಜೀಕಬೇಕು. ಅತ್ತೆ ವರ್ಷ ವರ್ಷವೂ ಹೋದರು, ಬಸ್ಸಿನಲ್ಲಿ. ಮಾವ ಹರಿಹರದ ಒಂದು ಕಾರ್ಖಾನೆಯಲ್ಲಿ ಕಬ್ಬಿಣವನ್ನು ತಿರುಗಿಸಿ ಕಡೆಯುವ ಲೇತ್ ಮಿಷನ್ನಿನ ಮುಂದೆ ನಿಂತು ಆಯುಸ್ಸು ಸವೆಸಿದರು. ಶಪಥ ಹಾಗೇ ಉಳಿಯಿತು.

ಆಮೇಲೆ ನಿವೃತ್ತಿ. ಅದರ ಜೊತೆಗೆ ಮಾತೂ ನಿಂತಿತು. ಬೆಳಗಾದರೆ ಕುರ್ಚಿಯನ್ನು ಗೋಡೆಗೆ ಮುಖ ಮಾಡಿ ಹಾಕಿಕೊಂಡು ಕೂರುತ್ತಿದ್ದರು. ಕಾರ್ಖಾನೆಯ ಸೈರನ್ನು ಕೇಳಿದರೆ ಎದ್ದು ಚಪ್ಪಲಿ ಮೆಟ್ಟುವುದು, ನೆನಪಾಗಿ ಬಿಟ್ಟು ಬಂದು ಮತ್ತೆ ಕೂರುವುದು. "ಮನ್ಯಾಗೆ ಒಬ್ರು ಅದಾರೋ ಇಲ್ಲೋ ಗೊತ್ತಾಗವಲ್ದವ್ವ" ಎಂದು ಅತ್ತೆ ಫೋನಿನಲ್ಲಿ ಅತ್ತರು. ಮಕ್ಕಳಿಲ್ಲದ ಆ ಇಬ್ಬರಿಗೂ ದಾವಣಗೆರೆಯ ಸರಸ್ವತಿ ನಗರದಲ್ಲಿರುವ ನಾನೇ ಮಗಳು. ಹೆದರಿ ಓಡಿದೆ. ಹೊತ್ತು ಹೋಗಲಿ ಎಂದು ಒಂದು ಮೊಬೈಲ್ ಕೊಡಿಸಿ, ವಿಡಿಯೋ ನೋಡುವುದನ್ನು ಕಲಿಸಿ ಬಂದೆ. ಭಜನೆ ಗಿಜನೆ ನೋಡಿಕೊಂಡಿರುತ್ತಾರೆ ಎಂದುಕೊಂಡಿದ್ದೆ. ಅವರು ನೋಡಿದ್ದು ಹಡಗು!

ಅದೂ ಎಂಥ ಹಡಗು? ಎಂಜಿನ್ನು ಬರುವುದಕ್ಕೆ ಮೊದಲಿನವು. ಹುಟ್ಟು ಹಾಕಿ ತೋಳು ಸೋತ ಜನ ಚಕ್ರ ಕಟ್ಟಿ ಕಾಲಲ್ಲಿ ತುಳಿದದ್ದು, ಕೈಯಲ್ಲಿ ತಿರುವಿದ್ದು, ಏನೇನೋ. ಮಾವನಿಗೆ ಮಾತು ಮರಳಿ ಬಂತು. ಬಂದದ್ದು ಮತ್ತೆ ನಿಲ್ಲಲಿಲ್ಲ. ನನ್ನ ನಾದಿನಿಯ ನಿಶ್ಚಿತಾರ್ಥದಲ್ಲಿ ಹೊಸ ಬೀಗರ ಪಕ್ಕ ಕೂತುಬಿಟ್ಟರು.

"ಹಿಂದಕೆ ಹಡಗಿನ ಮ್ಯಾಲೆ ಎತ್ತು ಕಟ್ಟಬೇಕಂತ ಒಬ್ಬ ಚಿತ್ರ ಬರೆದಿದ್ನಂತ್ರಿ. ಎತ್ತು ಗಾಣ ಸುತ್ತಿದಂಗೆ ಸುತ್ತಬೇಕು, ಪಕ್ಕದ ಚಕ್ರ ನೀರು ಹೊಡೀಬೇಕು, ಹಡಗು ಮುಂದಕ್ಕೆ ಹೋಗಬೇಕು!"

ಬೀಗರು ವ್ಯಾಪಾರಸ್ಥರು. ಗಂಭೀರವಾಗಿ ಕೇಳಿದರು: "ಎತ್ತಿಗೆ ಮೇವು?"

"ಹಡಗಿನ್ಯಾಗೇ ತುಂಬ್ಕಂಡ್ರಾತು."

"ಹಂಗಾದ್ರೆ ಸರಕಿಗೆ ಜಾಗ ಎಲ್ಲೈತ್ರಿ?"

ಮಾವ ಕೈಯಲ್ಲಿದ್ದ ಹೋಳಿಗೆ ಹಾಗೇ ಹಿಡಿದು ಯೋಚಿಸಿದರು. "ಅದಕ್ಕೇ ಆ ಹಡಗು ಚಿತ್ರದಾಗೇ ಉಳೀತು ಅಂತ ಕಾಣ್ತೈತ್ರಿ" ಎಂದರು. ನಿಶ್ಚಿತಾರ್ಥ ಮುರಿಯಲಿಲ್ಲ, ಪುಣ್ಯ.

ಎತ್ತಿನ ಹಡಗು ಅವರಿಗೆ ಅಷ್ಟು ಹಿಡಿಸಲು ಕಾರಣವಿತ್ತು. ದಾವಣಗೆರೆಯ ಆನೆಕೊಂಡದಲ್ಲಿ ನಮ್ಮಜ್ಜನ ಎಣ್ಣೆಗಾಣ ಇತ್ತು. ಚಿಕ್ಕಂದಿನಲ್ಲಿ ಮಾವ ಗಾಣದ ಮರದ ಮೇಲೆ ಕೂತು ಎತ್ತಿನ ಹಿಂದೆ ಸುತ್ತುತ್ತಾ, ಕಣ್ಣು ಮುಚ್ಚಿಕೊಂಡು, ಊರೂರು ದಾಟಿ ಹೋಗುತ್ತಿದ್ದೇನೆ ಎಂದುಕೊಳ್ಳುತ್ತಿದ್ದರಂತೆ. ಕಣ್ಣು ಬಿಟ್ಟರೆ ಅದೇ ಆನೆಕೊಂಡ!

ಅವರ ಇನ್ನೊಂದು ಅಚ್ಚುಮೆಚ್ಚಿನ ಕಥೆ ಮರದ ತಿರುಪಿನದು. ಯಾರೋ ಒಬ್ಬ ಉದ್ದನೆಯ ಮರದ ತಿರುಪು ಮಾಡಿ ದೋಣಿಯ ಹಿಂದೆ ನೀರಿನೊಳಗೆ ಕೂರಿಸಿದನಂತೆ. ಅದು ತಿರುಗಿದರೆ ದೋಣಿ ಮುಂದೆ ಹೋಗಬೇಕು. ಒಂದು ದಿನ ಏನಕ್ಕೋ ಬಡಿದು ತಿರುಪು ಅರ್ಧ ಮುರಿದುಹೋಯಿತು. ಕೆಲಸ ಕೆಟ್ಟಿತು ಎಂದುಕೊಂಡರೆ, ದೋಣಿ ಮೊದಲಿಗಿಂತ ಜೋರಾಗಿ ಓಡಿತು! ಮಾವ ಈ ಕಥೆಯನ್ನು ಎಲ್ಲ ಕಾಯಿಲೆಗೂ ಒಂದೇ ಮಾತ್ರೆ ಎನ್ನುವಂತೆ ಹಂಚಿದರು. ನನ್ನ ಮುಂದಿನ ಹಲ್ಲು ಮುರಿದಾಗ ಹೇಳಿದರು. ಪಕ್ಕದ ಮನೆಯ ಅಣ್ಣತಮ್ಮಂದಿರು ಅಂಗಡಿ ಪಾಲು ಮಾಡಿಕೊಂಡಾಗ ಹೇಳಿದರು. "ಅರ್ಧ ಮುರುದ್ರೂ ಓಡ್ತದ ಕಣವ್ವ, ಇನ್ನೂ ಜೋರು ಓಡ್ತದ!"

ಕಥೆಯಿಂದ ಕೆಲಸಕ್ಕಿಳಿದಾಗ ಮೊದಲ ಪೆಟ್ಟು ಬಿದ್ದದ್ದು ನನ್ನ ಮನೆಗೆ. ಒಂದು ಪುಟ್ಟ ಚಕ್ರದ ದೋಣಿ ಮಾಡಿಕೊಂಡು ಬಂದು, ನಲ್ಲಿ ನೀರು ಬಂದು ಸಂಪು ತುಂಬಿದ ದಿನವೇ ಅದರೊಳಗೆ ಬಿಟ್ಟರು. ಚಕ್ರಕ್ಕೆ ಧಾರಾಳವಾಗಿ ಗ್ರೀಸು ಬಳಿದಿದ್ದರು. ದೋಣಿ ಚೆನ್ನಾಗಿಯೇ ಓಡಿತು. ಮುಂದಿನ ಸಲ ನೀರು ಬರುವವರೆಗೂ ನಮ್ಮ ಮನೆಯ ಚಹಾದ ಮೇಲೆ ಬಣ್ಣಬಣ್ಣದ ಎಣ್ಣೆ ತೇಲುತ್ತಿತ್ತು. ನನ್ನ ಗಂಡ ಲೋಟ ಬೆಳಕಿಗೆ ಹಿಡಿದು, "ನಿಮ್ಮಾವ ಚೆನ್ನಾಗಿದ್ದಾರಾ?" ಎಂದು ಕೇಳುತ್ತಿದ್ದರು.

ದೊಡ್ಡ ಚಕ್ರಗಳನ್ನು ಮಾಡಿಕೊಟ್ಟವರು ಹರಿಹರದ ವೆಲ್ಡಿಂಗ್ ಅಂಗಡಿಯ ಚಾಚಾ. ಎಣ್ಣೆಡಬ್ಬಿಯ ತಗಡು ಕತ್ತರಿಸಿ, ಸೈಕಲ್ ಚಕ್ರಕ್ಕೆ ಸುತ್ತಲೂ ಕೂರಿಸಿ, ದೂರ ನಿಂತು ನೋಡಿ, "ಭಾಯ್, ನೀರಿಗೆ ಹೋಗ್ಲಿಲ್ಲ ಅಂದ್ರೆ ಫಿಕರ್ ಮಾಡಬ್ಯಾಡ್ರಿ. ಬ್ಯಾಸಿಗ್ಯಾಗೆ ಕೂಲರ್ ಮಾಡ್ಕಳಾನ" ಎಂದರಂತೆ.

ಚಕ್ರ ಬಂತು, ಡ್ರಮ್ಮು ಬಂತು, ಮೇಲೆ ಕೂರಲು ಗಟ್ಟಿಯಾದ ಚೌಕಟ್ಟು ಬೇಕಾಯಿತು. ಮಾವನ ಕಣ್ಣು ಮಂಚದ ಮೇಲೆ ಬಿತ್ತು.

"ರೀ, ಮಂಚ ಒಯ್ದರೆ ಮಲಗಾದೆಲ್ಲಿ?" ಎಂದರು ಅತ್ತೆ.

"ಚಾಪೆ ಮ್ಯಾಲೆ. ಬೆನ್ನಿಗೆ ಭಾಳ ಚಲೋ."

"ಹಡಗು ಮುಳುಗಿದ್ರೆ?"

"ಮದುವಿ ಮಂಚ ಕಣೇ, ಇಷ್ಟು ವರ್ಷ ಮುಳುಗಿಲ್ಲ, ಈಗ ಮುಳುಗ್ತೈತಾ?"

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಗೋಡೆ ನೋಡುತ್ತಿದ್ದ ಗಂಡ ಮತ್ತೆ ತಮಾಷೆ ಮಾಡಿದ್ದಕ್ಕೆ ಮಂಚವೇನು, ಮನೆಯ ಬಾಗಿಲು ಕಿತ್ತುಕೊಂಡು ಹೋಗಿದ್ದರೂ ಅವರು ಸುಮ್ಮನಿರುತ್ತಿದ್ದರು.

ಹೊಳೆ ತುಂಬಿ ಹರಿಯುವ ಪಂಚಮಿಗಳಲ್ಲಿ ಹಡಗು ದಡದಲ್ಲೇ ಇರುತ್ತಿತ್ತು. ನೀರು ಇಳಿದಿದ್ದ ವರ್ಷ ಮಾತ್ರ ಪ್ರಯಾಣ. ಇಬ್ಬರ ಸೊಂಟಕ್ಕೂ ಗಾಳಿ ತುಂಬಿದ ಟ್ಯೂಬು. ಅತ್ತೆಗೆ ಇಳಕಲ್ ಸೀರೆ, ತೊಡೆಯ ಮೇಲೆ ಉಂಡಿಯ ಡಬ್ಬಿ. ಮೆಟ್ಟಿಲ ತುಂಬ ಜನ. ಮಾವ "ಹೂಂ" ಎನ್ನುವುದು, ಚಕ್ರಗಳು ಚಟಪಟ ನೀರು ಹೊಡೆಯುವುದು, ಹಡಗು ಠೀವಿಯಿಂದ ಹೊರಡುವುದು. ಸ್ವಲ್ಪ ದೂರ ಹೋಗಿ ಮೆಲ್ಲಗೆ ಎಡಕ್ಕೆ ತಿರುಗುವುದು. ಇನ್ನೂ ತಿರುಗುವುದು. ಒಂದು ಸುತ್ತು ಹಾಕಿ ಹೊರಟ ಮೆಟ್ಟಿಲಿಗೇ ಬಂದು ನಿಲ್ಲುವುದು!

ಜನ ಚಪ್ಪಾಳೆ ತಟ್ಟುತ್ತಿದ್ದರು. ಮಾವ ಎಡಚಕ್ರಕ್ಕೆ ಇನ್ನೂ ನಾಲ್ಕು ತಗಡು ಹಾಕಿಸಿದರು. ಎಡಕ್ಕೇ ತಿರುಗಿತು. ಚಕ್ರವನ್ನೇ ದೊಡ್ಡದು ಮಾಡಿಸಿದರು. ಎಡಕ್ಕೇ! ಕೊನೆಗೆ ಇಬ್ಬರೂ ಟ್ಯೂಬು ಬಿಚ್ಚಿ, ಡಬ್ಬಿ ಹಿಡಿದು, ಬಸ್ ಸ್ಟ್ಯಾಂಡಿಗೆ ನಡೆಯುವರು. ಆಚೆ ಊರಿನ ಬಸ್ ನಿಲ್ದಾಣದಲ್ಲಿ ಅತ್ತೆಯ ತಮ್ಮ ಕಾದು ನಿಂತಿರುತ್ತಿದ್ದ. ವರ್ಷ ವರ್ಷವೂ ಒಂದೇ ಪ್ರಶ್ನೆ: "ಯಾಕ್ರಿ ಭಾವಾರ, ಹಡಗು ಎಲ್ಲೈತಿ?"

ಹೋದ ವರ್ಷ ಅತ್ತೆಯ ಹೃದಯ ಸೋಲತೊಡಗಿತು. ದಾವಣಗೆರೆಯ ಆಸ್ಪತ್ರೆಗೆ ಹತ್ತಿರ ಎಂದು ನನ್ನ ಮನೆಯಲ್ಲೇ ಇಟ್ಟುಕೊಂಡೆ. ಒಂದು ಮಧ್ಯಾಹ್ನ ಮಾವ ಔಷಧ ತರಲು ಹೋಗಿದ್ದಾಗ ಅತ್ತೆ ನನ್ನ ಕೈ ಹಿಡಿದು ಹತ್ತಿರ ಕೂರಿಸಿಕೊಂಡರು.

"ಒಂದು ಮಾತು ಹೇಳ್ತೀನಿ, ನಿಮ್ಮಾವಗೆ ಹೇಳಬ್ಯಾಡ. ಆ ಹಡಗು ತಿರುಗ್ತಿತ್ತಲ್ಲ, ಅದು ಚಕ್ರದ ತಪ್ಪಲ್ಲವ್ವ. ನಾ ಬೇಕಂತ್ಲೇ ಮೆಲ್ಲಕೆ ತುಳೀತಿದ್ದೆ."

"ಯಾಕತ್ತೆ?"

"ಹೊಳೆ ದಾಟಿಬಿಟ್ರೆ ಆಮ್ಯಾಲೆ ಏನ್ ಮಾಡ್ತಾರೆ ಅವ್ರು? ಶಪಥ ಮುಗೀತಲ್ಲ. ಮತ್ತೆ ಗೋಡೆ ಕಡೆ ಮುಖ ಮಾಡ್ಕಂಡು ಕೂರ್ತಾರೆ. ನಾ ಅದನ್ನ ಇನ್ನೊಂದ್ಸಲ ನೋಡಲಾರೆ."

ಅಷ್ಟು ಹೇಳಿ ಅವರಿಗೆ ಉಸಿರು ಸಾಲದಾಯಿತು. ನನಗೆ ಅಳು ತಡೆಯಲಾಗಲಿಲ್ಲ. ಈ ವರ್ಷದ ಯುಗಾದಿ ಕಳೆದ ಮೇಲೆ ಅತ್ತೆ ಹೋದರು.

ಮಣ್ಣಿಗೆ ಬಂದವರಲ್ಲಿ ಅಂಗಡಿ ಪಾಲು ಮಾಡಿಕೊಂಡ ಪಕ್ಕದ ಮನೆಯವರೂ ಇದ್ದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಮಾವನ ಹೆಗಲ ಮೇಲೆ ಕೈ ಇಟ್ಟು, "ನೀವೇ ಹೇಳ್ತಿದ್ರಲ್ರಿ, ಅರ್ಧ ಮುರುದ್ರೂ ಓಡ್ತೈತೆ ಅಂತ" ಎಂದರು. ಮಾವ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು. "ಅದು ಮರದ ತಿರುಪಿನ ಕಥೆ ಕಣ್ರಿ. ಮನುಷ್ಯರದ್ದಲ್ಲ" ಎಂದರು. ಆ ಕಥೆಯನ್ನು ಅವರು ಮತ್ತೆ ಯಾರಿಗೂ ಹೇಳಿಲ್ಲ.

ಈ ಸಲ ಪಂಚಮಿ ಹತ್ತಿರ ಬಂದಾಗ ಅತ್ತೆಯ ತಮ್ಮ ಫೋನ್ ಮಾಡಿದ. "ಅಕ್ಕ ಇಲ್ಲಂತ ಬರೂದು ಬಿಡಬ್ಯಾಡ್ರಿ ಭಾವಾರ. ಉಂಡಿ ಮಾಡಿಸೇವಿ."

"ಬರ್ತೀನಪ್ಪ. ಹೊಳೆ ಮ್ಯಾಲೇ ಬರ್ತೀನಿ" ಎಂದರು ಮಾವ.

ನಾನು ಗಾಬರಿಯಿಂದ ಹರಿಹರಕ್ಕೆ ಓಡಿದೆ. ಮಳೆ ತಡವಾಗಿ ಹೊಳೆ ಶಾಂತವಾಗಿತ್ತು. ಮಾವ ಹೊಸ ಪಂಚೆ ಉಟ್ಟು, ಉಂಡಿಯ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಬಲಗಡೆಯ ಸೀಟಿನಲ್ಲಿ ಕೂತಿದ್ದರು. ಅತ್ತೆಯ ಟ್ಯೂಬು ನನ್ನ ಕೈಗೆ ಕೊಟ್ಟರು. "ಕೂಡವ್ವ. ನೀ ಗಟ್ಟಿಮುಟ್ಟು ಅದೀಯ. ಇವತ್ತು ಸೀದಾ ಹೋಗ್ತೈತೆ."

ಕೂತೆ. ತುಳಿದೆ. ಸೀದಾ ಹೋಯಿತು! ಹರಿಹರದ ಮೆಟ್ಟಿಲು ಹಿಂದೆ ಬಿತ್ತು, ಆಚೆ ದಡದ ಗುಡಿ ದೊಡ್ಡದಾಗುತ್ತಾ ಬಂತು, ಬಟ್ಟೆ ಒಗೆಯುವ ಹೆಂಗಸರ ಮುಖಗಳು ಕಾಣತೊಡಗಿದವು. ಖುಷಿಯಿಂದ ಮಾವನ ಕಡೆ ತಿರುಗಿದೆ. ಅವರು ಎದುರಿಗಿದ್ದ ದಡವನ್ನು ನೋಡುತ್ತಿದ್ದರು. ನಿವೃತ್ತಿಯಾದಾಗ ಗೋಡೆಯನ್ನು ನೋಡುತ್ತಿದ್ದರಲ್ಲ, ಅದೇ ಮುಖ. ಈ ದಡ ಮುಟ್ಟಿದರೆ ಮಾವನಿಗೆ ನಾಳೆ ಬೆಳಿಗ್ಗೆ ಏಳುವುದಕ್ಕೆ ಏನು ಉಳಿಯುತ್ತದೆ?

ನಾನು ಮೆಲ್ಲಗೆ ತುಳಿಯತೊಡಗಿದೆ. ಹಡಗು ಎಡಕ್ಕೆ ತಿರುಗಿತು.

ಮಾವ ನನ್ನ ಕಡೆ ನೋಡಲಿಲ್ಲ. ತುಳಿಯುವುದನ್ನೂ ನಿಲ್ಲಿಸಲಿಲ್ಲ. "ನಿಮ್ಮತ್ತೆ ಹೇಳಿದ್ಲಾ?" ಎಂದರು.

"ಏನು ಮಾವ?"

"ಮೆಲ್ಲಕೆ ತುಳಿ ಅಂತ."

ನಾನು ತಲೆ ತಗ್ಗಿಸಿ ಪೆಡಲು ತುಳಿದೆ.

"ಜೀವಮಾನ ಪೂರಾ ತಿರುಗೋ ಮಿಷನ್ ಮುಂದೆ ನಿಂತೋನು ನಾನು. ಪಕ್ಕದ ಚಕ್ರ ಹೆಂಗೆ ತಿರುಗ್ತೈತೆ ಅಂತ ನಂಗೆ ತಿಳೀಲಿಲ್ಲ ಅನ್ಕಂಡಿದ್ಲು, ಪಾಪ. ನಾನೂ ಒಂಚೂರು ಮೆಲ್ಲಕೆ ತುಳುದಿದ್ರೆ ಸೀದಾ ಹೋಗ್ತಿತ್ತು."

"ಮತ್ತೆ ಯಾಕ ಮೆಲ್ಲಕೆ ತುಳೀಲಿಲ್ರಿ?"

"ಆಚೆ ದಡ ಮುಟ್ಟಿದ್ರೆ ಇಳುದು ತವರುಮನಿಗೆ ಹೋಗಿಬಿಡ್ತಿದ್ಲಲ್ಲವ್ವ. ಸುತ್ತು ಹಾಕಿದಷ್ಟು ಹೊತ್ತು ನನ್ನ ಪಕ್ಕ ಕುಂತಿರ್ತಿದ್ಲು."

ಹಡಗು ಸುತ್ತು ಮುಗಿಸಿ ನಮ್ಮ ಮೆಟ್ಟಿಲಿಗೆ ಬಂದು ನಿಂತಿತು. ಮಾವ ಟ್ಯೂಬು ಬಿಚ್ಚಿಟ್ಟು, ಉಂಡಿಯ ಡಬ್ಬಿ ಎತ್ತಿಕೊಂಡು, "ನಡಿಯವ್ವ, ಬಸ್ಸು ತಪ್ಪುತ್ತೆ" ಎಂದರು.

ಆಚೆ ಊರಿನ ನಿಲ್ದಾಣದಲ್ಲಿ ಅತ್ತೆಯ ತಮ್ಮ ಎಂದಿನ ಜಾಗದಲ್ಲೇ ನಿಂತಿದ್ದ. ನಾವಿಬ್ಬರೂ ಇಳಿದ ಮೇಲೂ ಬಸ್ಸಿನ ಬಾಗಿಲನ್ನೇ ನೋಡುತ್ತಿದ್ದ, ಇನ್ನೊಬ್ಬರು ಇಳಿಯಬೇಕಲ್ಲ ಎನ್ನುವಂತೆ. ಬಸ್ಸು ಹೊರಟುಹೋಯಿತು. ವರ್ಷ ವರ್ಷವೂ ಕೇಳುವ ಪ್ರಶ್ನೆಗೆ ಬಾಯಿ ತೆರೆದ, ಕೇಳಲಾಗಲಿಲ್ಲ. ಮಾವನೇ ಹತ್ತಿರ ಹೋಗಿ ಅವನ ಕೈಗೆ ಡಬ್ಬಿ ಕೊಟ್ಟರು.

"ಈ ಸಲಾನೂ ಎಡಕ್ಕೇ ತಿರುಗ್ತಪ್ಪ" ಎಂದರು. "ಬರೋ ಪಂಚಮಿಗೆ ನೋಡಾನ."